ಅಂದಾಜು 1, ನಿಜ 9,000: ಒಂದು ಪೋಸ್ಟ್‌ಗ್ರೆಸ್ ಡೇಟಾಬೇಸ್ ರಿಪೇರಿ ಮಾಡಿದ ಟಿಪ್ಪಣಿ

ಪಾರ್ಸೆಲ್ ಟ್ರ್ಯಾಕ್ ಮಾಡುವ ಒಂದು ಸಿಸ್ಟಮ್‌ನ ಡೇಟಾಬೇಸ್ ಇತ್ತೀಚೆಗೆ ನನ್ನ ಕೈಗೆ ಬಂತು. ದೂರುಗಳು ಎರಡು. ಡೆಲಿವರಿ ಸ್ಕ್ರೀನ್ ಬೆಳಿಗ್ಗೆ ಬೇಗ ತೆರೆದರೆ ಚೆನ್ನಾಗಿರುತ್ತದೆ, ಹೊತ್ತು ಏರಿದ ಹಾಗೆ ನಿಧಾನ ಆಗುತ್ತಾ ಹೋಗಿ ಹತ್ತು ಗಂಟೆ ಹೊತ್ತಿಗೆ ಸುಮ್ನೆ ಸುತ್ತುತ್ತಾ ಕೂರುತ್ತದೆ. ರಾತ್ರಿ ಶುರುವಾಗುವ ರಿಪೋರ್ಟ್ ಬೆಳಗಾದರೂ ಮುಗಿಯುವುದಿಲ್ಲ. ಇವುಗಳ ಜೊತೆಗೆ ಒಂದು ಬೇಡಿಕೆ: ಸರ್ವರ್ ದೊಡ್ಡದು ಮಾಡಿಕೊಡಿ.

ಸರ್ವರ್ ಚಿಕ್ಕದೇನೂ ಆಗಿರಲಿಲ್ಲ. 8 ಕೋರ್, 32 ಜಿಬಿ ಮೆಮೊರಿ, ಎಸ್‌ಎಸ್‌ಡಿ ಡಿಸ್ಕ್, ಅದರ ಮೇಲೆ ಪೋಸ್ಟ್‌ಗ್ರೆಸ್ (ಡೇಟಾಬೇಸ್ ನಡೆಸುವ ಸಾಫ್ಟ್‌ವೇರ್) ವರ್ಷನ್ 16. ಪಾರ್ಸೆಲ್ ಟೇಬಲ್‌ನಲ್ಲಿ ಸುಮಾರು 80 ಲಕ್ಷ ಸಾಲು. ಪ್ರತಿ ಪಾರ್ಸೆಲ್ ಎಲ್ಲೆಲ್ಲಿ ಸ್ಕ್ಯಾನ್ ಆಯಿತು ಅಂತ ಬರೆದಿಡುವ ಈವೆಂಟ್ ಟೇಬಲ್‌ನಲ್ಲಿ ಸುಮಾರು 2 ಕೋಟಿ. ಇದು ದೊಡ್ಡ ಡೇಟಾಬೇಸ್ ಅಲ್ಲ. ಇಷ್ಟನ್ನು ಈ ಯಂತ್ರ ಆರಾಮಾಗಿ ಹೊರಬೇಕು.

ಮೊದಲು ಅಳತೆ

ಏನನ್ನೂ ಮುಟ್ಟುವ ಮೊದಲು ಪಿಜಿ ಸ್ಟಾಟ್ ಸ್ಟೇಟ್‌ಮೆಂಟ್ಸ್ ಎಕ್ಸ್‌ಟೆನ್ಷನ್ ಹಾಕಿದೆ. ಯಾವ ಕ್ವೆರಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ) ಎಷ್ಟು ಸಲ ಓಡಿತು, ಒಟ್ಟು ಎಷ್ಟು ಹೊತ್ತು ತಿಂದಿತು, ಎಷ್ಟು ಪೇಜ್ (ಡೇಟಾ ಇಡುವ ತುಂಡು) ಓದಿತು ಎಲ್ಲವನ್ನೂ ಇದು ಕೂಡಿಡುತ್ತದೆ. ಇದನ್ನು ಶೇರ್ಡ್ ಪ್ರಿಲೋಡ್ ಲೈಬ್ರರೀಸ್ ಸೆಟ್ಟಿಂಗ್‌ಗೆ ಸೇರಿಸಬೇಕು, ಹಾಗಾಗಿ ಒಂದು ರೀಸ್ಟಾರ್ಟ್ ಬೇಕೇ ಬೇಕು. ಅದೇ ರೀಸ್ಟಾರ್ಟ್‌ನಲ್ಲಿ ಮೆಮೊರಿ ಸೆಟ್ಟಿಂಗ್‌ಗಳನ್ನೂ ಬದಲಿಸಿಬಿಡಬಹುದಿತ್ತು. ಬೇಕಂತಲೇ ಬಿಟ್ಟೆ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣ ಆಯಿತು ಅಂತ ಆಮೇಲೆ ಹೇಳೋಕೆ ಆಗಲ್ಲ.

ಲಾಗ್‌ನಲ್ಲೂ ಕೆಲವು ಸೆಟ್ಟಿಂಗ್ ಬದಲಿಸಿದೆ. ಅರ್ಧ ಸೆಕೆಂಡಿಗಿಂತ ಜಾಸ್ತಿ ಹಿಡಿಯುವ ಕ್ವೆರಿಗಳನ್ನು ಬರೆಯಲಿ, ಡಿಸ್ಕಿಗೆ ಹೋದ ಪ್ರತಿ ಟೆಂಪ್ ಫೈಲನ್ನೂ ಬರೆಯಲಿ, ಲಾಕಿಗಾಗಿ 1 ಸೆಕೆಂಡಿಗಿಂತ ಹೆಚ್ಚು ಕಾದದ್ದನ್ನು ಬರೆಯಲಿ, ಆಟೊವ್ಯಾಕ್ಯೂಮ್ (ತಾನಾಗಿ ಕಸ ತೆಗೆಯುವ ವ್ಯವಸ್ಥೆ) ಮಾಡಿದ ಪ್ರತಿ ಕೆಲಸವನ್ನೂ ಬರೆಯಲಿ. ಇವಕ್ಕೆಲ್ಲ ರೀಲೋಡ್ ಸಾಕು.

ಒಂದು ಪೂರ್ತಿ ಕೆಲಸದ ದಿನ ಕಳೆಯಲು ಬಿಟ್ಟು ಪಟ್ಟಿ ತೆಗೆದೆ. ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಪಟ್ಟಿಯನ್ನು ಸರಾಸರಿ ಸಮಯದ ಮೇಲೆ ಜೋಡಿಸಬೇಡಿ, ಒಟ್ಟು ಸಮಯದ ಮೇಲೆ ಜೋಡಿಸಿ. ಡೆಲಿವರಿ ಸ್ಕ್ರೀನಿನ ಕ್ವೆರಿ ಮೊದಲ ಸ್ಥಾನದಲ್ಲಿತ್ತು, ಅದು ನಿರೀಕ್ಷೆ ಇದ್ದದ್ದೇ. ಎರಡನೇ ಜಾಗದಲ್ಲಿ ಕೂತಿದ್ದು ಯಾರೂ ದೂರು ಹೇಳದ, ಒಂದು ಸಲಕ್ಕೆ ಬರೀ 9 ಮಿಲಿಸೆಕೆಂಡ್ ಹಿಡಿಯುವ ಒಂದು ಸಣ್ಣ ಕ್ವೆರಿ. ದಿನಕ್ಕೆ ಸುಮಾರು 4 ಲಕ್ಷ ಸಲ ಓಡುತ್ತದೆ. ಗುಣಿಸಿದರೆ 3,600 ಸೆಕೆಂಡ್, ಅಂದರೆ ಒಂದು ಕೋರ್‌ನ ಪೂರ್ತಿ ಒಂದು ಗಂಟೆ. ರಾತ್ರಿಯ ರಿಪೋರ್ಟ್ ಅದರ ಕೆಳಗೆ ಮೂರನೆಯದು.

ಡೆಲಿವರಿ ಸ್ಕ್ರೀನ್

ಕ್ವೆರಿ ಕೇಳುವುದು ಇಷ್ಟೇ: ಈ ಶಾಖೆಯ, ಈ ರೂಟಿನ, ಈ ಬೀಟಿನ ಪಾರ್ಸೆಲ್‌ಗಳಲ್ಲಿ ಇವತ್ತು ‘ಡೆಲಿವರಿಗೆ ಹೊರಟಿದೆ’ ಅಂತ ಸ್ಕ್ಯಾನ್ ಆದವು ಯಾವುವು. ಉತ್ತರ ಐದಾರು ಸಾಲು. ಹಿಡಿಯುತ್ತಿದ್ದ ಹೊತ್ತು 25 ಸೆಕೆಂಡಿನ ಆಸುಪಾಸು.

ಎಕ್ಸ್‌ಪ್ಲೇನ್ ಅನಲೈಸ್ ಬಫರ್ಸ್ ಹಾಕಿ ಪ್ಲಾನ್ ತೆಗೆದೆ. ಪ್ಲಾನ್ ಅಂದರೆ ಉತ್ತರ ಹುಡುಕಲು ಡೇಟಾಬೇಸ್ ಆರಿಸಿದ ದಾರಿ, ಅದನ್ನು ಆರಿಸುವ ಭಾಗ ಪ್ಲಾನರ್. (ಅನಲೈಸ್ ಸೇರಿಸಿದರೆ ಕ್ವೆರಿ ನಿಜವಾಗಿಯೂ ಓಡುತ್ತದೆ. ಅಪ್‌ಡೇಟ್, ಡಿಲೀಟ್ ಆದರೆ ಬಿಗಿನ್ ಮತ್ತು ರೋಲ್‌ಬ್ಯಾಕ್ ನಡುವೆ ಇಟ್ಟು ಓಡಿಸಿ.) ಪ್ಲಾನ್ ಓದುವಾಗ ತುಂಬಾ ಜನ ಸಮಯದ ಅಂಕಿಗಳನ್ನು ಮೊದಲು ನೋಡುತ್ತಾರೆ. ನಾನು ಮೊದಲು ನೋಡುವುದು ಸಾಲುಗಳ ಅಂಕಿಯನ್ನು. ಪ್ರತಿ ಹಂತದಲ್ಲೂ ಪ್ಲಾನರ್ ಅಂದಾಜು ಮಾಡಿದ ಸಾಲು ಎಷ್ಟು, ನಿಜವಾಗಿ ಬಂದ ಸಾಲು ಎಷ್ಟು, ಇವೆರಡೂ ಪಕ್ಕಪಕ್ಕದಲ್ಲೇ ಇರುತ್ತವೆ. ಎಲ್ಲಿ ಇವೆರಡೂ ಬೇರೆ ದಾರಿ ಹಿಡಿದಿವೆಯೋ ರೋಗ ಇರುವುದು ಅಲ್ಲಿ. ಮೇಲಿನ ಹಂತಗಳಲ್ಲಿ ಕಾಣುವುದು ಅದರ ಪರಿಣಾಮ ಮಾತ್ರ, ಅದಕ್ಕೇ ಕೆಳಗಿನಿಂದ ಮೇಲಕ್ಕೆ ಓದಬೇಕು.

ಇಲ್ಲಿ ಎರಡು ಕಡೆ ದಾರಿ ತಪ್ಪಿತ್ತು. ಈವೆಂಟ್ ಟೇಬಲ್ ಕಡೆ ಅಂದಾಜು 1, ನಿಜ 9,000. ಪಾರ್ಸೆಲ್ ಟೇಬಲ್ ಕಡೆ ಅಂದಾಜು 1, ನಿಜ 4,000, ಮತ್ತು ಆ ಹಂತದ ಲೂಪ್ ಸಂಖ್ಯೆ (ಅದನ್ನು ಮತ್ತೆ ಮತ್ತೆ ಮಾಡಿದ ಸಲ) 9,000. ಪ್ಲಾನ್‌ನಲ್ಲಿ ಬರೆದ ಸಾಲು ಒಂದು ಲೂಪಿನ ಸರಾಸರಿ, ಆದ್ದರಿಂದ ಗುಣಿಸಿಕೊಳ್ಳಬೇಕು: 3.6 ಕೋಟಿ ಸಾಲು ಎತ್ತಿ ನೋಡಿದೆ. ಜಾಯಿನ್ ಫಿಲ್ಟರ್ (ಎರಡು ಟೇಬಲ್ ಜೋಡಿಸುವ ಷರತ್ತು) ಅಷ್ಟನ್ನೂ ಹೆಚ್ಚುಕಡಿಮೆ ಎಸೆದಿದೆ. ಒಂದು ಪೇಜ್ 8 ಕೆಬಿ, ಬಫರ್ ಲೆಕ್ಕ ಕೂಡಿಸಿದರೆ ಸುಮಾರು 280 ಜಿಬಿ ಓದಿದಂತೆ, ಐದಾರು ಸಾಲಿನ ಉತ್ತರಕ್ಕೆ! ಒಂದೇ ಪೇಜ್‌ಗಳನ್ನು ಮೆಮೊರಿಯಲ್ಲೇ ಮತ್ತೆ ಮತ್ತೆ ಓದಿದ್ದರಿಂದ 25 ಸೆಕೆಂಡಿನಲ್ಲಾದರೂ ಮುಗಿಯಿತು.

ಎರಡೂ ಕಡೆ ಒಂದೊಂದೇ ಸಾಲು ಬರುತ್ತದೆ ಅಂತ ನಂಬಿದರೆ ನೆಸ್ಟೆಡ್ ಲೂಪ್ (ಒಂದು ಕಡೆಯ ಪ್ರತಿ ಸಾಲಿಗೂ ಇನ್ನೊಂದು ಕಡೆ ಮತ್ತೆ ಹುಡುಕುವ ರೀತಿ) ಆರಿಸುವುದು ಸರಿಯಾದ ತೀರ್ಮಾನವೇ. ಪ್ಲಾನರ್ ತನಗೆ ಗೊತ್ತಿದ್ದ ಸಂಗತಿಗೆ ತಕ್ಕ ಪ್ಲಾನ್ ಮಾಡಿತ್ತು. ಆ ಸಂಗತಿ ತಪ್ಪಾಗಿತ್ತು. ಬೆಳಿಗ್ಗೆ ಬೇಗ ಚೆನ್ನಾಗಿದ್ದು ಆಮೇಲೆ ಹದಗೆಡುವುದಕ್ಕೂ ಉತ್ತರ ಇಲ್ಲೇ ಸಿಕ್ಕಿತು. ಏಳು ಗಂಟೆಗೆ ಇವತ್ತಿನ ಈವೆಂಟ್‌ಗಳು ಬೆರಳೆಣಿಕೆಯಷ್ಟು, ಲೂಪ್ ಸಂಖ್ಯೆಯೂ ಅಷ್ಟೇ. ಸ್ಕ್ಯಾನ್ ಆದ ಹಾಗೆಲ್ಲ ಲೂಪ್ ಬೆಳೆಯುತ್ತದೆ.

ಪಾರ್ಸೆಲ್‌ನ ಪ್ರೈಮರಿ ಕೀ (ಪ್ರತಿ ಸಾಲಿನ ಗುರುತು) ಮೂಲಕ ಯಾಕೆ ಹುಡುಕಲಿಲ್ಲ ಅಂತ ಕೇಳಬಹುದು. ಈವೆಂಟ್ ಟೇಬಲ್‌ನಲ್ಲಿ ಇರುವುದು ಬಾರ್‌ಕೋಡ್ ಮಾತ್ರ. ಕೆಲವು ಸ್ಕ್ಯಾನರ್‌ಗಳು ಅದನ್ನು ದೊಡ್ಡಕ್ಷರದಲ್ಲಿ ಬರೆಯುತ್ತವೆ, ಕೆಲವು ಚಿಕ್ಕಕ್ಷರದಲ್ಲಿ, ಹಾಗಾಗಿ ಎರಡೂ ಕಡೆ ಲೋಯರ್ ಫಂಕ್ಷನ್ (ಎಲ್ಲವನ್ನೂ ಚಿಕ್ಕಕ್ಷರ ಮಾಡುವುದು) ಹಾಕಿ ಜೋಡಿಸಿದ್ದಾರೆ. ಕಾಲಂ ಮೇಲಿನ ಸಾಮಾನ್ಯ ಇಂಡೆಕ್ಸ್ (ಬೇಗ ಹುಡುಕಲು ಇಡುವ ಸೂಚಿ) ಅಲ್ಲಿ ಕೆಲಸಕ್ಕೆ ಬರಲ್ಲ. ಲೋಯರ್ ಕೊಡುವ ಫಲಿತಾಂಶದ ಮೇಲೆಯೇ ಎಕ್ಸ್‌ಪ್ರೆಷನ್ ಇಂಡೆಕ್ಸ್ ಹಾಕಿದರೆ ಈ ಒಂದು ಕ್ವೆರಿ ಅಂದೇ ಗುಣ ಆಗುತ್ತಿತ್ತು. ಆದರೆ ಅಂದಾಜು ತಪ್ಪೇ ಉಳಿಯುತ್ತದೆ, ಇದೇ ಟೇಬಲ್‌ಗಳನ್ನು ಮುಟ್ಟುವ ಬೇರೆ ಕ್ವೆರಿಗಳು ಅದೇ ಹಳ್ಳಕ್ಕೆ ಬೀಳುತ್ತವೆ. ನೆಸ್ಟೆಡ್ ಲೂಪನ್ನೇ ಬಂದ್ ಮಾಡುವ ಸ್ವಿಚ್ಚೂ ಇದೆ. ಪರೀಕ್ಷೆಗೆ ಒಂದು ಸೆಷನ್‌ನಲ್ಲಿ ಬಳಸಿದೆ, ಅಷ್ಟಕ್ಕೇ ಅದು ಸರಿ.

ಎರಡು ಅಂದಾಜು ಯಾಕೆ ತಪ್ಪಿದವು

ಪಾರ್ಸೆಲ್ ಕಡೆಯದು ಹಳೆಯ, ಎಲ್ಲ ಡೇಟಾಬೇಸ್‌ಗಳಿಗೂ ಇರುವ ಕಾಯಿಲೆ. ಶಾಖೆಗಳು 50, ರೂಟ್ 400, ಬೀಟ್ 2,000. ಪ್ಲಾನರ್ ಪ್ರತಿ ಕಾಲಮನ್ನೂ ಬೇರೆ ಬೇರೆಯಾಗಿ ನೋಡಿ, ಒಂದಕ್ಕೊಂದು ಸಂಬಂಧ ಇಲ್ಲ ಅಂತ ಭಾವಿಸಿ ಭಾಗಿಸುತ್ತಾ ಹೋಗುತ್ತದೆ. 80 ಲಕ್ಷವನ್ನು 50ರಿಂದ, ಆಮೇಲೆ 400ರಿಂದ, ಆಮೇಲೆ 2,000ದಿಂದ ಭಾಗಿಸಿದರೆ ಉಳಿಯುವುದು 0.2. ಅದನ್ನು 1 ಅಂತ ತೆಗೆದುಕೊಳ್ಳುತ್ತದೆ. ಆದರೆ ಒಂದು ಬೀಟ್ ಒಂದೇ ರೂಟಿಗೆ ಸೇರಿದ್ದು, ಒಂದು ರೂಟ್ ಒಂದೇ ಶಾಖೆಗೆ ಸೇರಿದ್ದು. ಬೀಟ್ ಗೊತ್ತಾದ ಮೇಲೆ ಉಳಿದ ಎರಡು ಷರತ್ತು ಏನನ್ನೂ ಕಡಿಮೆ ಮಾಡಲ್ಲ. ನಿಜವಾದ ಲೆಕ್ಕ 80 ಲಕ್ಷ ಭಾಗ 2,000, ಅಂದರೆ 4,000.

ಈ ಭಾಗಿಸುವ ಪದ್ಧತಿ 1979ರದ್ದು. ಐಬಿಎಂನ ಸಿಸ್ಟಮ್ ಆರ್ ಬಗ್ಗೆ ಪೆಟ್ರಿಷಿಯಾ ಸೆಲಿಂಜರ್ ಮತ್ತು ಜೊತೆಗಾರರು ಬರೆದ ಪ್ರಬಂಧದಲ್ಲಿ ಖರ್ಚಿನ ಲೆಕ್ಕ ಹಾಕಿ ಪ್ಲಾನ್ ಆರಿಸುವ ವಿಧಾನ ಬಂತು. ಇಂಡೆಕ್ಸ್ ಇಲ್ಲದ, ಮಾಹಿತಿ ಇಲ್ಲದ ಕಾಲಂಗೆ ಸಮಾನತೆಯ ಷರತ್ತು ಬಂದರೆ ಹತ್ತರಲ್ಲಿ ಒಂದು ಪಾಲು ಅಂತ ಇಟ್ಟುಕೊಳ್ಳುವ ಸೂತ್ರ ಕೂಡ ಅದರಲ್ಲೇ ಇತ್ತು. ಅಂಕಿಅಂಶ ಇಡುವ ರೀತಿ ಇವತ್ತು ತುಂಬಾ ಸುಧಾರಿಸಿದೆ, ಆದರೆ ‘ಕಾಲಂಗಳು ಒಂದನ್ನೊಂದು ಅವಲಂಬಿಸಿಲ್ಲ’ ಅನ್ನುವ ನಂಬಿಕೆ ಹಾಗೇ ಉಳಿದಿದೆ. ಹೇಳಿಕೊಟ್ಟರೆ ಮಾತ್ರ ಬಿಡುತ್ತದೆ.

ಪೋಸ್ಟ್‌ಗ್ರೆಸ್‌ನಲ್ಲಿ ಹೇಳಿಕೊಡುವ ದಾರಿ ವರ್ಷನ್ 10ರಿಂದ ಇದೆ, ಕ್ರಿಯೇಟ್ ಸ್ಟಾಟಿಸ್ಟಿಕ್ಸ್. ಶಾಖೆ, ರೂಟ್, ಬೀಟ್ ಈ ಮೂರು ಕಾಲಂ ಮೇಲೆ ಡಿಪೆಂಡೆನ್ಸೀಸ್ ಬಗೆಯದ್ದು ಮಾಡಿ, ಅನಲೈಸ್ (ಅಂಕಿಅಂಶ ಹೊಸದು ಮಾಡುವ ಆಜ್ಞೆ, ಎಕ್ಸ್‌ಪ್ಲೇನ್ ಜೊತೆಗಿನದ್ದಲ್ಲ) ಓಡಿಸಿದೆ. ಅಂದಾಜು 1ರಿಂದ 4,000ದ ಹತ್ತಿರಕ್ಕೆ ಬಂತು. ಡೇಟಾ ಒಂದೂ ಬದಲಾಗಿಲ್ಲ, ಇಂಡೆಕ್ಸ್ ಸೇರಿಲ್ಲ. ಇದು ಒಂದೇ ಟೇಬಲ್ ಒಳಗಿನ ಕಾಲಂಗಳಿಗೆ ಮಾತ್ರ, ಡಿಪೆಂಡೆನ್ಸೀಸ್ ಬಗೆಯದ್ದು ಸಮಾನತೆಯ ಷರತ್ತುಗಳಿಗೆ ಮಾತ್ರ ಅನ್ನುವುದು ನೆನಪಿರಲಿ. ಎರಡು ಟೇಬಲ್ ನಡುವಿನ ಸಂಬಂಧವನ್ನು ಹೀಗೆ ಹೇಳಿಕೊಡಲು ದಾರಿ ಇಲ್ಲ.

ಈವೆಂಟ್ ಕಡೆಯದು ಬೇರೆ ಕಥೆ, ಮತ್ತು ನನಗೆ ಇದೇ ಹೆಚ್ಚು ಮುಖ್ಯ ಅನ್ನಿಸಿತು. ಅಂಕಿಅಂಶವನ್ನು ತಾನಾಗಿಯೇ ಹೊಸದು ಮಾಡಿಕೊಳ್ಳುವ ವ್ಯವಸ್ಥೆ ಪೋಸ್ಟ್‌ಗ್ರೆಸ್‌ನಲ್ಲಿ ಇದೆ. ಟೇಬಲ್‌ನಲ್ಲಿ ಆದ ಬದಲಾವಣೆ 50 ಸಾಲು ಮತ್ತು ಒಟ್ಟು ಸಾಲುಗಳ ಶೇ 10, ಇವೆರಡನ್ನು ಕೂಡಿಸಿದ್ದಕ್ಕಿಂತ ಜಾಸ್ತಿ ಆದರೆ ಅನಲೈಸ್ ಓಡುತ್ತದೆ. ಸಾವಿರ ಸಾಲಿನ ಟೇಬಲ್‌ಗೆ ಇದು ಒಳ್ಳೆಯ ನಿಯಮ. 2 ಕೋಟಿ ಸಾಲಿನ ಟೇಬಲ್‌ಗೆ ಇದು 20 ಲಕ್ಷ ಬದಲಾವಣೆ. ಇಲ್ಲಿ ದಿನಕ್ಕೆ ಸುಮಾರು 60,000 ಈವೆಂಟ್ ಬರುತ್ತವೆ. ಅಂದರೆ ಒಂದು ಅನಲೈಸ್‌ನಿಂದ ಮುಂದಿನದಕ್ಕೆ ಒಂದು ತಿಂಗಳಿಗಿಂತ ಜಾಸ್ತಿ! ಟೇಬಲ್ ಬೆಳೆದ ಹಾಗೆ ಈ ಅಂತರವೂ ಬೆಳೆಯುತ್ತದೆ.

ಪ್ಲಾನರ್ ಕೈಯಲ್ಲಿದ್ದ ಹಿಸ್ಟೋಗ್ರಾಮ್ (ಬೆಲೆಗಳು ಹೇಗೆ ಹರಡಿವೆ ಅನ್ನುವ ಲೆಕ್ಕ) ಮೂರು ವಾರ ಹಳೆಯದು. ಅದರ ಪ್ರಕಾರ ‘ಇವತ್ತು’ ಅನ್ನುವ ದಿನ ಇನ್ನೂ ಹುಟ್ಟೇ ಇಲ್ಲ. ಹಿಸ್ಟೋಗ್ರಾಮಿನ ತುದಿಯಿಂದ ಆಚೆ ಇರುವ ಬೆಲೆ ಕೇಳಿದರೆ ಸಿಗುವ ಅಂದಾಜು ಹೆಚ್ಚುಕಡಿಮೆ ಸೊನ್ನೆ, ಅದು 1 ಆಗುತ್ತದೆ. ಇಲ್ಲಿ ಒಂದು ಸೂಕ್ಷ್ಮ ಇದೆ. ಸಮಯದ ಕಾಲಂನಿಂದಲೇ ಶುರುವಾಗುವ ಇಂಡೆಕ್ಸ್ ಇದ್ದಿದ್ದರೆ ಪ್ಲಾನರ್ ಆ ಇಂಡೆಕ್ಸ್‌ನ ತುದಿಯನ್ನು ಇಣುಕಿ ನೋಡಿ ನಿಜವಾದ ಗರಿಷ್ಠ ಬೆಲೆ ತಿಳಿದುಕೊಳ್ಳುತ್ತಿತ್ತು. ಇಲ್ಲಿನ ಇಂಡೆಕ್ಸ್‌ನಲ್ಲಿ ಮೊದಲು ಈವೆಂಟಿನ ಬಗೆ, ಎರಡನೆಯದು ಸಮಯ. ಹುಡುಕಲು ಅದು ಬಹಳ ಚೆನ್ನಾದ ಇಂಡೆಕ್ಸ್, ಆದರೆ ಈ ಇಣುಕುವಿಕೆಗೆ ಆಗಿಬರಲ್ಲ.

ಆ ಟೇಬಲ್‌ಗೆ ಮಾತ್ರ ಅನಲೈಸ್‌ನ ಸ್ಕೇಲ್ ಫ್ಯಾಕ್ಟರ್ (ಆ ಶೇಕಡಾ ಪಾಲು) 0 ಮಾಡಿ, ಥ್ರೆಶೋಲ್ಡ್ (ಆ 50ರ ಜಾಗ) 10,000 ಇಟ್ಟೆ. ದಿನಕ್ಕೆ ಐದಾರು ಸಲ ಅನಲೈಸ್ ಆಗುತ್ತದೆ. ಇದರಿಂದ ಭಾರ ಆಗಲ್ವಾ ಅಂದರೆ, ಆಗಲ್ಲ. ಅನಲೈಸ್ ಇಡೀ ಟೇಬಲ್ ಓದುವುದಿಲ್ಲ. ಸ್ಟಾಟಿಸ್ಟಿಕ್ಸ್ ಟಾರ್ಗೆಟ್ ಮೊದಲಿನಂತೆ 100 ಇದ್ದರೆ 30,000 ಸಾಲಿನ ಮಾದರಿ ತೆಗೆದುಕೊಳ್ಳುತ್ತದೆ, ಟೇಬಲ್ ಎಷ್ಟೇ ದೊಡ್ಡದಿರಲಿ. ದೊಡ್ಡ ಟೇಬಲ್‌ಗೆ ಅದು ಅಗ್ಗ. ಆದರೂ ಬರೀ ಶೇಕಡಾವಾರು ನಿಯಮದಿಂದಾಗಿ ದೊಡ್ಡ ಟೇಬಲ್‌ಗೇ ಅದು ಅಪರೂಪ ಆಗಿಬಿಡುತ್ತದೆ. ನಿಮ್ಮ ಡೇಟಾಬೇಸಿನಲ್ಲಿ ಕೋಟಿ ಸಾಲಿನ, ದಿನದಿನ ಬೆಳೆಯುವ ಟೇಬಲ್ ಇದ್ದರೆ ಕೊನೆಯ ಆಟೊಅನಲೈಸ್ ಯಾವಾಗ ಆಯಿತು ಅಂತ ಇವತ್ತೇ ಪಿಜಿ ಸ್ಟಾಟ್ ಯೂಸರ್ ಟೇಬಲ್ಸ್‌ನಲ್ಲಿ ನೋಡಿ.

ಎರಡೂ ಅಂದಾಜು ಸರಿಯಾದ ತಕ್ಷಣ ಪ್ಲಾನರ್ ತಾನಾಗಿಯೇ ಹ್ಯಾಶ್ ಜಾಯಿನ್‌ಗೆ (ಎರಡೂ ಕಡೆಯನ್ನು ಒಂದೊಂದೇ ಸಲ ಓದಿ ಜೋಡಿಸುವ ರೀತಿ) ಬದಲಾಯಿತು. 25 ಸೆಕೆಂಡಿನ ಕೆಲಸ 100 ಮಿಲಿಸೆಕೆಂಡಿನೊಳಗೆ ಬಂತು. ಕ್ವೆರಿಯ ಒಂದಕ್ಷರ ಬದಲಿಸಲಿಲ್ಲ.

9 ಮಿಲಿಸೆಕೆಂಡಿನ ಕ್ವೆರಿ

ಇದು ಸುಲಭದ್ದು. ಒಂದು ಶಾಖೆಯ ಬಾಕಿ ಪಾರ್ಸೆಲ್‌ಗಳಲ್ಲಿ ಹಳೆಯ 20 ಕೊಡು ಅನ್ನುತ್ತದೆ. 80 ಲಕ್ಷದಲ್ಲಿ ಬಾಕಿ ಇರುವುದು ಯಾವಾಗಲೂ 50,000ದ ಒಳಗೆ. ಬಾಕಿ ಇರುವ ಸಾಲುಗಳಿಗೆ ಮಾತ್ರ ಶಾಖೆ ಮತ್ತು ಬಂದ ಸಮಯದ ಮೇಲೆ ಒಂದು ಪಾರ್ಷಿಯಲ್ ಇಂಡೆಕ್ಸ್ ಸಾಕು. ಮೊದಲು ಹೈಪೊಪಿಜಿ ಬಳಸಿ ಸುಳ್ಳು ಇಂಡೆಕ್ಸ್ ಇಟ್ಟು ನೋಡಿದೆ. ಡಿಸ್ಕ್ ಮೇಲೆ ಏನೂ ಕಟ್ಟದೆ, ಇಂಥ ಇಂಡೆಕ್ಸ್ ಇದ್ದಿದ್ದರೆ ಪ್ಲಾನರ್ ಬಳಸುತ್ತಿತ್ತಾ ಅಂತ ಬರೀ ಎಕ್ಸ್‌ಪ್ಲೇನ್‌ನಲ್ಲಿ ತೋರಿಸುವ ಎಕ್ಸ್‌ಟೆನ್ಷನ್ ಅದು. ಬಳಸಿತು. ಆಮೇಲೆ ಕ್ರಿಯೇಟ್ ಇಂಡೆಕ್ಸ್ ಕನ್‌ಕರೆಂಟ್ಲಿ ಹಾಕಿ ನಿಜವಾದದ್ದನ್ನು ಕಟ್ಟಿದೆ. ಇದು ಬರೆಯುವವರನ್ನು ತಡೆಯುವುದಿಲ್ಲ, ಬದಲಿಗೆ ಜಾಸ್ತಿ ಹೊತ್ತು ಹಿಡಿಯುತ್ತದೆ, ಮತ್ತು ಮಧ್ಯದಲ್ಲಿ ನಿಂತುಹೋದರೆ ಇನ್‌ವ್ಯಾಲಿಡ್ ಅನ್ನುವ ಗುರುತಿನ ಅರೆಬರೆ ಇಂಡೆಕ್ಸ್ ಬಿಟ್ಟುಹೋಗುತ್ತದೆ. ಅದನ್ನು ಕೈಯಾರೆ ತೆಗೆಯಬೇಕು.

ಒಂದು ಎಚ್ಚರಿಕೆ. ಸ್ಟೇಟಸ್ ಬೆಲೆಯನ್ನು ಕ್ವೆರಿಯಲ್ಲಿ ನೇರವಾಗಿ ಬರೆದಿರಬೇಕು. ಪ್ಯಾರಾಮೀಟರ್ ಆಗಿ ಕಳಿಸಿದರೆ, ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಜೆನೆರಿಕ್ ಪ್ಲಾನ್‌ಗೆ (ಎಲ್ಲ ಬೆಲೆಗಳಿಗೂ ಒಂದೇ ಪ್ಲಾನ್) ಹೋದಾಗ, ಆ ಪ್ಯಾರಾಮೀಟರ್ ಯಾವಾಗಲೂ ‘ಬಾಕಿ’ಯೇ ಆಗಿರುತ್ತದೆ ಅಂತ ಪ್ಲಾನರ್‌ಗೆ ಖಾತ್ರಿ ಇರಲ್ಲ, ಪಾರ್ಷಿಯಲ್ ಇಂಡೆಕ್ಸನ್ನು ಮುಟ್ಟುವುದಿಲ್ಲ. ಇದಕ್ಕೆ ಅಪ್ಲಿಕೇಷನ್‌ನಲ್ಲಿ ಒಂದು ಸಾಲು ಬದಲಿಸಬೇಕಾಯಿತು. ಈಗ ಅದು ಒಂದು ಮಿಲಿಸೆಕೆಂಡೂ ಹಿಡಿಯುವುದಿಲ್ಲ.

ಸತ್ತ ಸಾಲುಗಳು

ಪಾರ್ಸೆಲ್ ಟೇಬಲ್‌ನ ಫೈಲ್ ಅದರ ಡೇಟಾಗೆ ಹೋಲಿಸಿದರೆ ತುಂಬಾ ದೊಡ್ಡದಾಗಿತ್ತು. ಪೋಸ್ಟ್‌ಗ್ರೆಸ್‌ನಲ್ಲಿ ಅಪ್‌ಡೇಟ್ ಅಂದರೆ ಹಳೆಯ ಸಾಲನ್ನು ಹಾಗೇ ಬಿಟ್ಟು ಹೊಸ ಪ್ರತಿ ಬರೆಯುವುದು. ಹಳೆಯದು ಯಾರಿಗೂ ಬೇಡವಾದ ಮೇಲೆ ವ್ಯಾಕ್ಯೂಮ್ ಬಂದು ಆ ಜಾಗವನ್ನು ಮತ್ತೆ ಬಳಸಲು ಬಿಡಿಸಿಕೊಡುತ್ತದೆ. ಇದನ್ನು ತಾನಾಗಿ ಮಾಡುವ ಆಟೊವ್ಯಾಕ್ಯೂಮ್ 2005ರ ವರ್ಷನ್ 8.1ರಲ್ಲಿ ಸರ್ವರ್ ಒಳಗೇ ಸೇರಿತು, 8.3ರಿಂದ ಹೇಳದಿದ್ದರೂ ಆನ್ ಇರುತ್ತದೆ.

ಇಲ್ಲೂ ಆನ್ ಇತ್ತು. ಓಡುತ್ತಲೂ ಇತ್ತು. ಆದರೆ ಲಾಗ್‌ನಲ್ಲಿ ಪ್ರತಿ ಸಲವೂ ಅದೇ ಸಾಲು: ತೆಗೆದದ್ದು 0, ಸತ್ತಿವೆ ಆದರೆ ಇನ್ನೂ ತೆಗೆಯುವಂತಿಲ್ಲ ಅನ್ನುವವು ಲಕ್ಷಗಟ್ಟಲೆ. ಇದನ್ನು ಕಂಡವರು ಸಾಮಾನ್ಯವಾಗಿ ಆಟೊವ್ಯಾಕ್ಯೂಮ್‌ನ ವೇಗ ಹೆಚ್ಚಿಸಲು ಹೋಗುತ್ತಾರೆ, ವರ್ಕರ್ ಜಾಸ್ತಿ ಮಾಡುತ್ತಾರೆ. ಅದರಿಂದ ಏನೂ ಆಗಲ್ಲ. ಆ ಸಾಲುಗಳನ್ನು ಯಾರೋ ಇನ್ನೂ ನೋಡಬಹುದು ಅಂತ ಅದು ಕೈಕಟ್ಟಿ ನಿಂತಿದೆ. ಆ ‘ಯಾರೋ’ ಯಾರು ಅಂತ ಹುಡುಕಬೇಕು. ಹುಡುಕುವ ಜಾಗ ನಾಲ್ಕು: ತೆರೆದೇ ಇರುವ ಟ್ರಾನ್ಸಾಕ್ಷನ್, ಮರೆತುಹೋದ ರೆಪ್ಲಿಕೇಷನ್ ಸ್ಲಾಟ್, ಮುಗಿಸದೆ ಬಿಟ್ಟ ಪ್ರಿಪೇರ್ಡ್ ಟ್ರಾನ್ಸಾಕ್ಷನ್, ಮತ್ತು ಫೀಡ್‌ಬ್ಯಾಕ್ ಆನ್ ಇರುವ ಸ್ಟ್ಯಾಂಡ್‌ಬೈ ಸರ್ವರ್‌ನಲ್ಲಿ ಓಡುತ್ತಿರುವ ಉದ್ದದ ಕ್ವೆರಿ.

ಪಿಜಿ ಸ್ಟಾಟ್ ಆಕ್ಟಿವಿಟಿಯಲ್ಲಿ ಬ್ಯಾಕೆಂಡ್ ಎಕ್ಸ್‌ಮಿನ್ (ಎಷ್ಟು ಹಳೆಯ ಸಾಲುಗಳು ಇನ್ನೂ ಬೇಕು ಅನ್ನುವ ಗುರುತು) ಇರುವವರನ್ನು ಹಳೆಯದರಿಂದ ಹೊಸದಕ್ಕೆ ಜೋಡಿಸಿದೆ. ಸಿಕ್ಕಿದ್ದು ರಾತ್ರಿ ರಿಪೋರ್ಟಿನ ಕನೆಕ್ಷನ್. ರಿಪೀಟಬಲ್ ರೀಡ್‌ನಲ್ಲಿ (ಕೊನೆವರೆಗೂ ಡೇಟಾದ ಒಂದೇ ನೋಟ ಕಾಣುವ ರೀತಿ) ಟ್ರಾನ್ಸಾಕ್ಷನ್ ತೆರೆದು, ಓದಿ ಮುಗಿಸಿದ ಮೇಲೂ ಕಮಿಟ್ ಮಾಡದೆ ಮರುದಿನ ಸಂಜೆವರೆಗೆ ಸುಮ್ಮನೆ ಕೂತಿರುತ್ತಿತ್ತು. ರೀಡ್ ಕಮಿಟೆಡ್‌ನಲ್ಲಿ ಬರೀ ಓದಿ ಸುಮ್ಮನಿದ್ದರೆ ಇಷ್ಟು ತೊಂದರೆ ಇಲ್ಲ, ಒಂದು ಸ್ಟೇಟ್‌ಮೆಂಟ್ ಮುಗಿದರೆ ಸ್ನ್ಯಾಪ್‌ಶಾಟ್ (ಆ ಹೊತ್ತಿನ ಡೇಟಾದ ನೋಟ) ಬಿಡುತ್ತದೆ. ರಿಪೀಟಬಲ್ ರೀಡ್ ಟ್ರಾನ್ಸಾಕ್ಷನ್ ಮುಗಿಯುವವರೆಗೆ ಬಿಗಿಯಾಗಿ ಹಿಡಿದಿರುತ್ತದೆ. ಇಡೀ ಡೇಟಾಬೇಸಿನ ಕಸ ಈ ಒಂದು ಕನೆಕ್ಷನ್ನಿಗಾಗಿ ಕಾಯುತ್ತಿತ್ತು.

ರಿಪೋರ್ಟ್ ಕೋಡ್‌ನಲ್ಲಿ ಕೊನೆಗೆ ಕಮಿಟ್ ಸೇರಿಸಿಕೊಂಡರು. ಕಾವಲಿಗೆ ಆ ಬಳಕೆದಾರನ ಮೇಲೆ ಐಡಲ್ ಇನ್ ಟ್ರಾನ್ಸಾಕ್ಷನ್ ಸೆಷನ್ ಟೈಮ್‌ಔಟ್ 10 ನಿಮಿಷ ಇಟ್ಟೆ. ಇದು ಸುಮ್ಮನೆ ಕೂತವರನ್ನು ಮಾತ್ರ ಎಬ್ಬಿಸುತ್ತದೆ, ಕ್ವೆರಿ ಓಡುತ್ತಿದ್ದರೆ ಮುಟ್ಟುವುದಿಲ್ಲ. ಇಡೀ ಟ್ರಾನ್ಸಾಕ್ಷನ್‌ಗೇ ಗಡುವು ಹಾಕುವ ಸೆಟ್ಟಿಂಗ್ ವರ್ಷನ್ 17ರಲ್ಲಿ ಬಂದಿದೆ, ಆ ಕಡೆ ಹೋಗುವುದಕ್ಕೆ ನನಗೆ ಇದೊಂದೇ ಕಾರಣ ಸಾಕು.

ಅಡ್ಡಿ ಹೋದ ಮೇಲೆ ವ್ಯಾಕ್ಯೂಮ್ ತಾನೇ ತನ್ನ ಕೆಲಸ ಮುಗಿಸಿತು. ಜೊತೆಗೆ ಈ ಟೇಬಲ್‌ನ ವ್ಯಾಕ್ಯೂಮ್ ಸ್ಕೇಲ್ ಫ್ಯಾಕ್ಟರನ್ನು 0.2ರಿಂದ 0.02ಕ್ಕೆ ಇಳಿಸಿದೆ. ಮೊದಲಿನ ಲೆಕ್ಕದಲ್ಲಿ 16 ಲಕ್ಷ ಸತ್ತ ಸಾಲು ಸೇರುವವರೆಗೆ ಅದು ಏಳುತ್ತಲೇ ಇರಲಿಲ್ಲ. ಫೈಲ್ ಗಾತ್ರ ಇಳಿಯಲಿಲ್ಲ, ಇಳಿಯುವುದೂ ಇಲ್ಲ, ಖಾಲಿ ಜಾಗ ಒಳಗೇ ಮರುಬಳಕೆ ಆಗುತ್ತದೆ. ಗಾತ್ರ ಇಳಿಸಲೇಬೇಕಾದರೆ ವ್ಯಾಕ್ಯೂಮ್ ಫುಲ್ ಇದೆ, ಆದರೆ ಅದು ಮುಗಿಯುವವರೆಗೆ ಟೇಬಲನ್ನು ಓದಲೂ ಆಗದಂತೆ ಬೀಗ ಹಾಕುತ್ತದೆ. ನನಗೆ ಅದರ ಅವಸರ ಕಾಣಲಿಲ್ಲ.

ಇದೇ ಟೇಬಲ್‌ನಲ್ಲಿ ಇನ್ನೊಂದು ಸಿಕ್ಕಿತು. ‘ಕೊನೆಯ ಸ್ಕ್ಯಾನ್ ಸಮಯ’ ಅನ್ನುವ ಕಾಲಂ ಮೇಲೆ ಒಂದು ಇಂಡೆಕ್ಸ್, ಅದನ್ನು ಬಳಸಿದ ಸಲ 0. ಯೂನಿಕ್ ಕಟ್ಟುಪಾಡಿಗೆ ಬೇಕಾದದ್ದಲ್ಲ, ರೆಪ್ಲಿಕಾದಲ್ಲೂ, ಅಂದರೆ ಡೇಟಾಬೇಸಿನ ನಕಲು ಇರುವ ಸರ್ವರ್‌ನಲ್ಲೂ, ಯಾರೂ ಬಳಸುತ್ತಿಲ್ಲ (ರೆಪ್ಲಿಕಾದ ಲೆಕ್ಕ ರೆಪ್ಲಿಕಾದಲ್ಲೇ ಇರುತ್ತದೆ, ಅಲ್ಲೂ ಹೋಗಿ ನೋಡಬೇಕು). ಬಳಸದ ಇಂಡೆಕ್ಸ್ ಇದ್ದರೆ ಏನು ನಷ್ಟ ಅನ್ನಿಸಬಹುದು. ನಷ್ಟ ಬಹಳ ಇದೆ. ಇಂಡೆಕ್ಸ್ ಇರುವ ಯಾವ ಕಾಲಮೂ ಬದಲಾಗದಿದ್ದರೆ, ಮತ್ತು ಅದೇ ಪೇಜಿನಲ್ಲಿ ಜಾಗ ಇದ್ದರೆ, ಪೋಸ್ಟ್‌ಗ್ರೆಸ್ ಹಾಟ್ ಅನ್ನುವ ಹಗುರ ರೀತಿಯಲ್ಲಿ ಅಪ್‌ಡೇಟ್ ಮಾಡುತ್ತದೆ, ಇಂಡೆಕ್ಸ್‌ಗಳನ್ನು ಮುಟ್ಟುವುದೇ ಇಲ್ಲ. ಈ ಕಾಲಂ ಪ್ರತಿ ಸ್ಕ್ಯಾನ್‌ಗೂ ಬದಲಾಗುತ್ತದೆ, ಹಾಗಾಗಿ ಈ ಒಂದು ಇಂಡೆಕ್ಸ್ ಇದ್ದ ಕಾರಣಕ್ಕೆ ಪ್ರತಿ ಸ್ಕ್ಯಾನ್‌ನಲ್ಲೂ ಟೇಬಲ್‌ನ ಎಲ್ಲ ಇಂಡೆಕ್ಸ್‌ಗಳಿಗೂ ಹೊಸ ನಮೂದು ಬೀಳುತ್ತಿತ್ತು. ಅದನ್ನು ತೆಗೆದು, ಫಿಲ್‌ಫ್ಯಾಕ್ಟರ್ 90 (ಪೇಜಿನಲ್ಲಿ ಶೇ 10 ಜಾಗ ಖಾಲಿ ಬಿಡುವುದು) ಇಟ್ಟೆ. ಹಾಟ್ ಅಪ್‌ಡೇಟ್‌ಗಳ ಪಾಲು ಅಂದಿನಿಂದಲೇ ಏರಿತು.

ನಾನು ಮೇಲೆ ಸೇರಿಸಿದ ಪಾರ್ಷಿಯಲ್ ಇಂಡೆಕ್ಸ್‌ಗೂ ಇದೇ ಬೆಲೆ ಇದೆ. ಷರತ್ತಿನಲ್ಲಿ ಸ್ಟೇಟಸ್ ಇರುವುದರಿಂದ ಸ್ಟೇಟಸ್ ಬದಲಾಗುವ ಅಪ್‌ಡೇಟ್ ಹಾಟ್ ಆಗುವುದಿಲ್ಲ. ಒಂದು ಪಾರ್ಸೆಲ್‌ನ ಸ್ಟೇಟಸ್ ಬದಲಾಗುವುದು ಬೆರಳೆಣಿಕೆಯಷ್ಟು ಸಲ, ಆ ಕ್ವೆರಿ ಓಡುವುದು ದಿನಕ್ಕೆ 4 ಲಕ್ಷ ಸಲ. ತಿಳಿದೇ ಆ ಬೆಲೆ ಒಪ್ಪಿಕೊಂಡೆ.

ಮೆಮೊರಿ

ಟ್ಯೂನಿಂಗ್ ಅಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಇದು, ನನ್ನ ಪಟ್ಟಿಯಲ್ಲಿ ಇದು ಕೊನೆಗೆ ಬಂತು. ಶೇರ್ಡ್ ಬಫರ್ಸ್ (ಪೋಸ್ಟ್‌ಗ್ರೆಸ್‌ನ ಸ್ವಂತ ಕ್ಯಾಶ್) ಮೂಲದ 128 ಎಂಬಿಯಲ್ಲೇ ಇತ್ತು, 8 ಜಿಬಿ ಮಾಡಿದೆ. ಎಫೆಕ್ಟಿವ್ ಕ್ಯಾಶ್ ಸೈಜ್ 24 ಜಿಬಿ. ಇದು ಮೆಮೊರಿ ಹಿಡಿಯುವುದಿಲ್ಲ, ಆಪರೇಟಿಂಗ್ ಸಿಸ್ಟಮ್‌ನ ಕ್ಯಾಶ್ ಸೇರಿ ಇಷ್ಟು ಇರಬಹುದು ಅಂತ ಪ್ಲಾನರ್‌ಗೆ ಕೊಡುವ ಸುಳಿವು ಅಷ್ಟೇ. ರ‍್ಯಾಂಡಮ್ ಪೇಜ್ ಕಾಸ್ಟ್ (ಅಲ್ಲಲ್ಲಿ ಚದುರಿದ ಪೇಜ್ ಓದುವ ಖರ್ಚಿನ ಲೆಕ್ಕ) ಮೂಲ ಬೆಲೆ 4, ಅದು ತಿರುಗುವ ಡಿಸ್ಕಿನ ಕಾಲದ್ದು, ಎಸ್‌ಎಸ್‌ಡಿಗೆ 1.1 ಇಟ್ಟೆ. ಮ್ಯಾಕ್ಸ್ ವಾಲ್ ಸೈಜ್ (ವಾಲ್ ಅಂದರೆ ಬದಲಾವಣೆಗಳನ್ನು ಮೊದಲು ಬರೆದಿಡುವ ಲಾಗ್) 1 ಜಿಬಿಯಿಂದ 8 ಜಿಬಿ, ಯಾಕೆಂದರೆ ಐದು ನಿಮಿಷದ ಗಡುವು ಬರುವ ಮೊದಲೇ ವಾಲ್ ತುಂಬಿ ಚೆಕ್‌ಪಾಯಿಂಟ್ (ಬದಲಾದ ಪೇಜ್‌ಗಳನ್ನು ಡಿಸ್ಕಿಗೆ ಬರೆಯುವುದು) ಆಗುತ್ತಿತ್ತು. ಪ್ರತಿ ಚೆಕ್‌ಪಾಯಿಂಟ್ ಆದ ಮೇಲೆ ಒಂದು ಪೇಜ್ ಮೊದಲ ಸಲ ಬದಲಾದಾಗ ಇಡೀ ಪೇಜ್ ವಾಲ್‌ಗೆ ಹೋಗುತ್ತದೆ. ಅಂದರೆ ಚೆಕ್‌ಪಾಯಿಂಟ್ ಜಾಸ್ತಿ ಆದಷ್ಟೂ ವಾಲ್ ಬೇಗ ತುಂಬುತ್ತದೆ, ಬೇಗ ತುಂಬಿದಷ್ಟೂ ಚೆಕ್‌ಪಾಯಿಂಟ್ ಜಾಸ್ತಿ.

ವರ್ಕ್ ಮೆಮ್ (ಸಾರ್ಟ್, ಹ್ಯಾಶ್ ಕೆಲಸಗಳಿಗೆ ಕೊಡುವ ಮೆಮೊರಿ) ವಿಷಯದಲ್ಲಿ ಮಾತ್ರ ಕೈ ಬಿಗಿ ಹಿಡಿಯಿರಿ. ರಾತ್ರಿ ರಿಪೋರ್ಟಿನ ಸಾರ್ಟ್ 160 ಎಂಬಿ ಡಿಸ್ಕಿಗೆ ಚೆಲ್ಲುತ್ತಿತ್ತು, ಮೂಲದ 4 ಎಂಬಿ ಅದಕ್ಕೆ ಎಲ್ಲಿ ಸಾಲುತ್ತದೆ? ಆದರೆ ಈ ಮಿತಿ ಕನೆಕ್ಷನ್‌ಗೆ ಒಂದಲ್ಲ, ಪ್ಲಾನ್‌ನ ಪ್ರತಿ ಸಾರ್ಟ್‌ಗೂ ಹ್ಯಾಶ್‌ಗೂ ಒಂದೊಂದು, ಪ್ಯಾರಲಲ್ ವರ್ಕರ್ ಇದ್ದರೆ ಪ್ರತಿ ವರ್ಕರ್‌ಗೂ, ಹ್ಯಾಶ್‌ಗೆ ಅದರ ಎರಡರಷ್ಟು. ಎಲ್ಲರಿಗೂ ಏರಿಸಿದರೆ ಜನ ಹೆಚ್ಚಿದ ದಿನ ಮೆಮೊರಿ ಮುಗಿದು ಸರ್ವರ್ ಬೀಳುತ್ತದೆ. ರಿಪೋರ್ಟಿನ ಬಳಕೆದಾರನಿಗೆ ಮಾತ್ರ ಆಲ್ಟರ್ ರೋಲ್ ಮೂಲಕ 384 ಎಂಬಿ ಕೊಟ್ಟೆ. ಉಬ್ಬಿದ ಟೇಬಲ್ ತಿಳಿಯಾದದ್ದೂ ಸೇರಿ ರಿಪೋರ್ಟ್ ಈಗ ಒಂದು ಗಂಟೆಯೊಳಗೆ ಮುಗಿಯುತ್ತದೆ.

ಇನ್ನು ಮುಂದೆ ಅದೇ ನೋಡಿಕೊಳ್ಳಲಿ ಅಂದರೆ

ಇಷ್ಟೆಲ್ಲ ಕೈಯಾರೆ ಯಾಕೆ, ಡೇಟಾಬೇಸ್ ತಾನೇ ಮಾಡಿಕೊಳ್ಳಬಾರದಾ ಅಂತ ತಂಡದಲ್ಲಿ ಕೇಳಿದರು. ಒಳ್ಳೆಯ ಪ್ರಶ್ನೆ, ಬಹಳ ಜನ ಬಹಳ ವರ್ಷದಿಂದ ಇದರ ಮೇಲೆ ಕೆಲಸ ಮಾಡಿದ್ದಾರೆ. ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ಸುರಜಿತ್ ಚೌಧುರಿ ಮತ್ತು ವಿವೇಕ್ ನರಸಯ್ಯ ಇದ್ದ ಆಟೊಅಡ್ಮಿನ್ ಯೋಜನೆ 1996ರಲ್ಲಿ ಶುರುವಾಯಿತು, ಅದರ ಫಲವಾಗಿ ಎಸ್‌ಕ್ಯೂಎಲ್ ಸರ್ವರ್ 7.0ರಲ್ಲಿ ಇಂಡೆಕ್ಸ್ ಸೂಚಿಸುವ ವಿಝಾರ್ಡ್ ಬಂತು. ಅಂದಾಜನ್ನು ನಿಜದ ಜೊತೆ ಹೋಲಿಸಿ ಕಲಿಯುವ ಲಿಯೋ ಅನ್ನುವ ಆಪ್ಟಿಮೈಸರ್ ಬಗ್ಗೆ ಐಬಿಎಂನವರು 2001ರಲ್ಲೇ ಬರೆದರು. ನಾನು ಪ್ಲಾನ್ ಓದುತ್ತಾ ಕಣ್ಣಲ್ಲಿ ಮಾಡಿದ ಕೆಲಸವೇ ಅದು! ಒರಾಕಲ್ 10ಜಿಯಲ್ಲಿ ತನ್ನ ಅಂಕಿಅಂಶಗಳನ್ನು ತಾನೇ ಓದಿ ಸಲಹೆ ಕೊಡುವ ಎಡಿಡಿಎಂ ಬಂತು, 19ಸಿಯಲ್ಲಿ ತಾನಾಗಿ ಇಂಡೆಕ್ಸ್ ಕಟ್ಟುವ ಸೌಲಭ್ಯ. ಪ್ಲಾನ್ ಬದಲಾಗಿ ಕ್ವೆರಿ ಹದಗೆಟ್ಟರೆ ಹಳೆಯ ಪ್ಲಾನ್‌ಗೆ ತಾನೇ ಮರಳುವುದನ್ನು ಎಸ್‌ಕ್ಯೂಎಲ್ ಸರ್ವರ್ 2017ರಲ್ಲಿ ತಂದರು.

ಪೋಸ್ಟ್‌ಗ್ರೆಸ್‌ನಲ್ಲಿ ಇಷ್ಟು ಒಳಗೇ ಇಲ್ಲ. ಹಾಗಾಗಿ ಒಂದು ಸಣ್ಣ ಕಾವಲು ಕಟ್ಟಿದೆ. ಗಂಟೆಗೊಮ್ಮೆ ಪಿಜಿ ಸ್ಟಾಟ್ ಸ್ಟೇಟ್‌ಮೆಂಟ್ಸ್‌ನ ಅಂಕಿಗಳನ್ನು ಒಂದು ಟೇಬಲ್‌ಗೆ ನಕಲು ಮಾಡುತ್ತದೆ, ಅದೇ ಕ್ವೆರಿಯ ಹೋದ ವಾರದ ಇದೇ ಹೊತ್ತಿನ ಸರಾಸರಿಗೆ ಹೋಲಿಸುತ್ತದೆ, ಮೂರು ಪಟ್ಟು ಮೀರಿದರೆ ತಂಡಕ್ಕೆ ಸಂದೇಶ ಕಳಿಸುತ್ತದೆ. ಆಟೊ ಎಕ್ಸ್‌ಪ್ಲೇನ್ ಅನ್ನುವ ಎಕ್ಸ್‌ಟೆನ್ಷನ್ ನೂರರಲ್ಲಿ ಒಂದು ಕ್ವೆರಿಯನ್ನು ಆರಿಸಿ, ಅದು ನಿಧಾನ ಆಗಿದ್ದರೆ ಪ್ಲಾನ್ ಸಮೇತ ಲಾಗ್‌ಗೆ ಹಾಕುತ್ತದೆ. ಒಂದು ಸ್ಕ್ರಿಪ್ಟ್ ಆ ಪ್ಲಾನ್‌ಗಳಲ್ಲಿ ಅಂದಾಜು ಮತ್ತು ನಿಜ ನೂರು ಪಟ್ಟು ಬೇರೆಯಾದ ಹಂತಗಳನ್ನು ಹೆಕ್ಕಿ ಇಡುತ್ತದೆ. ಎಲ್ಲ ಕ್ವೆರಿಗೂ ಅಳತೆ ಆನ್ ಮಾಡಿದರೆ ಅಳತೆಯೇ ಭಾರ ಆಗುತ್ತದೆ, ಅದಕ್ಕೇ ಮಾದರಿ. ಮೂರನೆಯದು, ಅರ್ಧ ಗಂಟೆಗಿಂತ ಹಳೆಯ ಸ್ನ್ಯಾಪ್‌ಶಾಟ್ ಯಾರಾದರೂ ಹಿಡಿದಿದ್ದರೆ ಹೆಸರು ಸಮೇತ ಹೇಳುತ್ತದೆ.

ಇಂಡೆಕ್ಸ್ ಕಟ್ಟುವ, ತೆಗೆಯುವ ಅಧಿಕಾರವನ್ನು ಅದಕ್ಕೆ ಕೊಟ್ಟಿಲ್ಲ, ಸದ್ಯಕ್ಕೆ ಕೊಡುವುದೂ ಇಲ್ಲ. ತಿಂಗಳಿಗೊಮ್ಮೆ ಮಾತ್ರ ಓಡುವ ಲೆಕ್ಕಪತ್ರದ ಕ್ವೆರಿಗೆ ಬೇಕಾದ ಇಂಡೆಕ್ಸ್ ಇಪ್ಪತ್ತೈದು ದಿನ ಬಳಕೆಯಾಗದೆ ಕಾಣುತ್ತದೆ. ಅದು ಯಾಕಿದೆ ಅಂತ ಗೊತ್ತಿರುವುದು ಮನುಷ್ಯರಿಗೆ. ಅಂಕಿಅಂಶ ಹೊಸದಾಗಿಡುವುದು, ಕಸ ತೆಗೆಯುವುದು, ಪ್ಲಾನ್ ಆರಿಸುವುದು, ಇವನ್ನು ಧೈರ್ಯವಾಗಿ ಅದಕ್ಕೇ ಬಿಡಬಹುದು, ಸರಿಯಾದ ಮಾಹಿತಿ ಸಿಗುವಂತೆ ಮತ್ತು ಅಡ್ಡಿ ಇರದಂತೆ ನಾವು ನೋಡಿಕೊಂಡರೆ.

ಬಾಕಿ ಉಳಿದಿರುವುದು ಈವೆಂಟ್ ಟೇಬಲನ್ನು ತಿಂಗಳಿಗೊಂದರಂತೆ ಪಾರ್ಟಿಷನ್ (ಬೇರೆ ಬೇರೆ ತುಂಡು) ಮಾಡುವ ಕೆಲಸ. ಹಳೆಯ ತಿಂಗಳನ್ನು ಅಳಿಸಲು ಲಕ್ಷಗಟ್ಟಲೆ ಸಾಲು ಡಿಲೀಟ್ ಮಾಡುವ ಬದಲು ಒಂದು ಪಾರ್ಟಿಷನ್ ತೆಗೆದರೆ ಸಾಕು, ಸತ್ತ ಸಾಲೂ ಉಳಿಯಲ್ಲ. ಅದನ್ನು ಮಾಡುವಾಗ ಒಂದು ಗಮನಿಸಬೇಕು: ವರ್ಷನ್ 16ರಲ್ಲಿ ಆಟೊಅನಲೈಸ್ ಪಾರ್ಟಿಷನ್‌ಗಳನ್ನು ನೋಡುತ್ತದೆ, ಅವುಗಳ ತಾಯಿ ಟೇಬಲನ್ನು ನೋಡುವುದಿಲ್ಲ. ತಾಯಿ ಟೇಬಲ್ ಮೇಲೆ ರಾತ್ರಿಗೊಮ್ಮೆ ಅನಲೈಸ್ ಓಡಿಸುವ ಸಾಲನ್ನು ಕೆಲಸಪಟ್ಟಿಗೆ ಈಗಲೇ ಸೇರಿಸಿದ್ದೇನೆ.